ಎಸ್‌ಡಿ ಚಾನೆಲ್‌ನಲ್ಲಿ ಮುಖ ಅಗಲ, ಡಿವಿಡಿಯಲ್ಲಿ ಜನ ಗಿಡ್ಡ, ಲ್ಯಾಪ್‌ಟಾಪ್‌ನಲ್ಲಿ ಅಂಚು ಮಾಯ: 16:9 ಟಿವಿಯಲ್ಲಿ ಎಲ್ಲಿ ಸರಿಪಡಿಸಬೇಕು?

ಹಳೆಡಿಸ್ಕ್

ಎಲ್ಲರಿಗೂ ನಮಸ್ಕಾರ. ಟಿವಿ 43 ಇಂಚಿನ ಫುಲ್ ಎಚ್‌ಡಿ ಎಲ್‌ಸಿಡಿ. ಎಚ್‌ಡಿಎಂಐ 1ಕ್ಕೆ ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ 2ಕ್ಕೆ ಲ್ಯಾಪ್‌ಟಾಪ್, ಹಳದಿ ಪಿನ್ನಿನ ಎವಿ ಕೇಬಲ್‌ನಲ್ಲಿ ಹಳೆಯ ಡಿವಿಡಿ ಪ್ಲೇಯರ್ ಸೇರಿಸಿದೆ. ಒಂದೊಂದರಲ್ಲಿ ಒಂದೊಂದು ಥರ ಚಿತ್ರ ಬರುತ್ತಿದೆ.

ಎಚ್‌ಡಿ ಚಾನೆಲ್‌ಗಳ ಆಕಾರ ಸರಿಯಿದೆ, ಆದರೆ ಕೆಳಗೆ ಓಡುವ ಸುದ್ದಿಪಟ್ಟಿಯ ಅಕ್ಷರಗಳ ಬುಡ ಕತ್ತರಿಸಿದಂತಿದೆ. ಎಸ್‌ಡಿ (ಹಳೆಯ, ಕಡಿಮೆ ಸ್ಪಷ್ಟತೆಯ) ಚಾನೆಲ್‌ಗಳಲ್ಲಿ ಮುಖಗಳು ಅಗಲ. ಒಂದೆರಡು ಚಾನೆಲ್‌ಗಳಲ್ಲಿ ಚಿತ್ರ ಪರದೆಯ ನಡುವೆ ಚಿಕ್ಕದಾಗಿ ಕೂತು ನಾಲ್ಕೂ ಕಡೆ ಕಪ್ಪು. ಡಿವಿಡಿಯಲ್ಲಿ ಸಿನಿಮಾ ಹಾಕಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿಯೂ ಇದೆ, ಜನರೂ ಗಿಡ್ಡ. ಲ್ಯಾಪ್‌ಟಾಪ್‌ನ ಟಾಸ್ಕ್‌ಬಾರ್ ಅರ್ಧ ಕಾಣುವುದಿಲ್ಲ. ಪೆನ್‌ಡ್ರೈವ್‌ನಲ್ಲಿರುವ ಒಂದು ಹಳೆಯ ವಿಡಿಯೊದಲ್ಲಿ ಎಲ್ಲರೂ ಉದ್ದಕ್ಕೆ ಸೊರಗಿ ಕಾಣುತ್ತಾರೆ.

ಟಿವಿ ರಿಮೋಟ್‌ನಲ್ಲಿ 16:9, 4:3, 14:9 (ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವಂತೆ), ಜೂಮ್ ಎಂದೆಲ್ಲ ಬರುತ್ತದೆ. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಎಲ್ಲದಕ್ಕೂ ಹೊಂದುವ ಒಂದು ಸೆಟ್ಟಿಂಗ್ ಇದೆಯೇ?

ತಂತಿಜಾಲ

ಒಂದೇ ಸೆಟ್ಟಿಂಗ್ ಇಲ್ಲ ಸರ್. ನೀವು ಹೇಳಿದವು ಬೇರೆ ಬೇರೆ ಕಡೆ ಹುಟ್ಟುವ ತೊಂದರೆಗಳು. ಚಿತ್ರ ನಿಮ್ಮ ಕಣ್ಣಿಗೆ ಬೀಳುವ ಮೊದಲು ಮೂರು ಕಡೆ ಅದರ ಆಕಾರ ಬದಲಾಗಬಹುದು: ಚಾನೆಲ್‌ನವರ ಬಳಿ, ಬಾಕ್ಸ್ ಅಥವಾ ಪ್ಲೇಯರ್‌ನಲ್ಲಿ, ಕೊನೆಗೆ ಟಿವಿಯಲ್ಲಿ. ಯಾರು ಎಳೆದಿದ್ದಾರೆಂದು ತಿಳಿಯದೆ ಟಿವಿ ರಿಮೋಟ್ ಒತ್ತುತ್ತಾ ಹೋದರೆ ಒಬ್ಬರ ತಪ್ಪಿನ ಮೇಲೆ ಇನ್ನೊಂದು ತಪ್ಪು ಸೇರುತ್ತದೆ, ಅಷ್ಟೆ.

ಮೊದಲು ಅಳೆಯಿರಿ. ಕಣ್ಣಂದಾಜು ನಂಬಬೇಡಿ, ಎಳೆದ ಚಿತ್ರಕ್ಕೆ ಕಣ್ಣು ಬೇಗ ಒಗ್ಗಿಹೋಗುತ್ತದೆ. ದುಂಡಗಿನ ವಸ್ತು ನೇರವಾಗಿ ಎದುರಿಗೆ ಕಾಣುವ ದೃಶ್ಯ ಹುಡುಕಿ: ಗೋಡೆ ಗಡಿಯಾರ, ಫುಟ್‌ಬಾಲ್, ಬದಿಯಿಂದ ತೋರಿಸಿದ ವಾಹನದ ಚಕ್ರ. ಅದು ಪರದೆಯ ನಡುವೆ ಇರಬೇಕು, ಏಕೆಂದರೆ ಅಂಚಿನಲ್ಲಿರುವ ಚೆಂಡನ್ನು ಕ್ಯಾಮೆರಾದ ಲೆನ್ಸೇ ಸ್ವಲ್ಪ ಎಳೆದಿರುತ್ತದೆ. ಬಾಕ್ಸ್‌ನಲ್ಲಿ ಪಾಜ್ ಗುಂಡಿ ಇದ್ದರೆ ಚಿತ್ರ ನಿಲ್ಲಿಸಿ, ಇಲ್ಲದಿದ್ದರೆ ಫೋನ್ ಅನ್ನು ಪರದೆಗೆ ನೇರವಾಗಿ ಹಿಡಿದು ಒಂದು ಫೋಟೊ ತೆಗೆದು ಅದರ ಮೇಲೆ ಅಳೆಯಿರಿ. ಅಗಲವನ್ನು ಎತ್ತರದಿಂದ ಭಾಗಿಸಿ.

1.00 ಬಂದರೆ ಆಕಾರ ಸರಿ. 1.33 ಬಂದರೆ 4:3 ಚಿತ್ರವನ್ನು ಯಾರೋ 16:9ಕ್ಕೆ ಹಿಗ್ಗಿಸಿದ್ದಾರೆ. 0.75 ಬಂದರೆ 16:9 ಚಿತ್ರವನ್ನು 4:3 ಜಾಗಕ್ಕೆ ಹಿಂಡಿದ್ದಾರೆ. 1.78 ಬಂದರೆ ಎರಡು ಕಡೆ ಹಿಗ್ಗಿಸಲಾಗಿದೆ, ಸಾಮಾನ್ಯವಾಗಿ ಚಾನೆಲ್‌ನವರು ಒಮ್ಮೆ, ಟಿವಿ ಇನ್ನೊಮ್ಮೆ. ಎರಡು ಮೂರು ಶೇಕಡಾ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಡಿ ಚಿತ್ರದ 720 ಕಾಲಮ್‌ಗಳಲ್ಲಿ (ಪಿಕ್ಸೆಲ್‌ಗಳ ಲಂಬ ಸಾಲುಗಳಲ್ಲಿ) ನಿಜವಾದ ಚಿತ್ರಕ್ಕೆ ಸೇರಿದ್ದು ಸುಮಾರು 704 ಮಾತ್ರ. ಒಂದು ಸಾಧನ ಅದನ್ನು ಲೆಕ್ಕಕ್ಕೆ ಹಿಡಿದು ಇನ್ನೊಂದು ಹಿಡಿಯದಿದ್ದರೆ ಇಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಇನ್ನು, ಎಳೆದವರು ಯಾರು ಎಂದು ಗೊತ್ತುಮಾಡುವ ಸುಲಭ ದಾರಿ. ಚಾನೆಲ್‌ನ ಲೋಗೊ ನೋಡಿ. ಲೋಗೊ ಪ್ರಸಾರದ ಕೊನೆಯ ಹಂತದಲ್ಲಿ ಸೇರುತ್ತದೆ. ಲೋಗೊ ಸರಿಯಾಗಿದ್ದು ಜನ ಮಾತ್ರ ಅಗಲವಾಗಿದ್ದರೆ ಹಳೆಯ 4:3 ಕಾರ್ಯಕ್ರಮವನ್ನು ಚಾನೆಲ್‌ನವರೇ ಹಿಗ್ಗಿಸಿ ಕಳಿಸುತ್ತಿದ್ದಾರೆ. ಲೋಗೊ, ಸುದ್ದಿಪಟ್ಟಿ, ಜನ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಗಲವಾಗಿದ್ದರೆ ತಪ್ಪು ನಿಮ್ಮ ಬಾಕ್ಸ್‌ನದ್ದು ಅಥವಾ ಟಿವಿಯದ್ದು. ಆಗ ಬಾಕ್ಸ್‌ನ ಮೆನು ತೆರೆಯಿರಿ. ಟಿವಿಯ ಮೆನು ಎಂದೂ ಎಳೆಯುವುದಿಲ್ಲ, ಬಾಕ್ಸ್‌ನ ಮೆನು ಮಾತ್ರ ಟಿವಿಯ ಮೋಡ್‌ಗೆ ತಕ್ಕಂತೆ ಬದಲಾಗುತ್ತದೆ. ಟಿವಿಯಲ್ಲಿ 16:9 ಮತ್ತು 4:3 ಬದಲಿಸುತ್ತಾ ಬಾಕ್ಸ್ ಮೆನುವಿನ ಅಕ್ಷರಗಳು ಯಾವುದರಲ್ಲಿ ಸಹಜವಾಗಿ ಕಾಣುತ್ತವೆ ನೋಡಿದರೆ ಬಾಕ್ಸ್ ತನ್ನ ಮುಂದೆ ಯಾವ ಆಕಾರದ ಟಿವಿ ಇದೆ ಎಂದುಕೊಂಡಿದೆ ಎಂಬುದು ತಿಳಿಯುತ್ತದೆ.

ಅಳತೆಗಳನ್ನು ಇಲ್ಲಿ ಹಾಕಿ, ಮುಂದಿನದು ನೋಡೋಣ.

ಪಿಕ್ಸೆಲ್‌ಪ್ರಿಯ

ಸುದ್ದಿಪಟ್ಟಿಯ ಬುಡ, ಲ್ಯಾಪ್‌ಟಾಪ್‌ನ ಟಾಸ್ಕ್‌ಬಾರ್, ಇವೆರಡೂ ಒಂದೇ ರೋಗ: ಓವರ್‌ಸ್ಕ್ಯಾನ್. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಅದಕ್ಕೆ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದರು. ಫ್ಲಾಟ್ ಪ್ಯಾನೆಲ್‌ಗೆ ಅದರ ಅಗತ್ಯವೇ ಇಲ್ಲ, ಆದರೂ ಎಷ್ಟೋ ಟಿವಿಗಳು ಕಾರ್ಖಾನೆಯಿಂದ ಬರುವಾಗಲೇ ಅದನ್ನು ಆನ್ ಮಾಡಿಕೊಂಡು ಬರುತ್ತವೆ. ಪ್ರತಿ ಬದಿಯಲ್ಲಿ 2.5 ಶೇಕಡಾ ಕತ್ತರಿಸಿದರೂ 1920×1080 ಚಿತ್ರದಲ್ಲಿ ಎಡಬಲ 48 ಕಾಲಮ್, ಮೇಲೆ ಕೆಳಗೆ 27 ಸಾಲು ಹೋಗುತ್ತವೆ.

ಇದರಲ್ಲಿ ಅಂಚು ಹೋಗುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಉಳಿದ 1824×1026 ಭಾಗವನ್ನು ಟಿವಿ ಮತ್ತೆ 1920×1080ಕ್ಕೆ ಹಿಗ್ಗಿಸುತ್ತದೆ. ಬಂದ ಪಿಕ್ಸೆಲ್ ಒಂದಕ್ಕೆ ಪರದೆಯ ಪಿಕ್ಸೆಲ್ ಒಂದು ಎಂಬ ಹೊಂದಿಕೆ ತಪ್ಪಿ ಸಣ್ಣ ಅಕ್ಷರಗಳು ಮಸುಕಾಗುತ್ತವೆ. ಆಕಾರ ಸರಿಯಿದ್ದರೂ ಓವರ್‌ಸ್ಕ್ಯಾನ್ ತೆಗೆಯಲೇಬೇಕು ಎನ್ನುವುದು ಇದಕ್ಕೇ.

ತೆಗೆಯುವ ಆಯ್ಕೆಗೆ ಒಬ್ಬೊಬ್ಬ ತಯಾರಕರು ಒಂದೊಂದು ಹೆಸರಿಟ್ಟಿದ್ದಾರೆ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್. ಸ್ಯಾಮ್‌ಸಂಗ್‌ನ ಹಳೆಯ ಮಾದರಿಗಳಲ್ಲಿ ಸ್ಕ್ರೀನ್ ಫಿಟ್, ಹೊಸದರಲ್ಲಿ ಫಿಟ್ ಟು ಸ್ಕ್ರೀನ್. ಸೋನಿಯಲ್ಲಿ ಡಿಸ್‌ಪ್ಲೇ ಏರಿಯಾ ಒಳಗೆ ಫುಲ್ ಪಿಕ್ಸೆಲ್. ಫಿಲಿಪ್ಸ್‌ನಲ್ಲಿ ಅನ್‌ಸ್ಕೇಲ್ಡ್. ಪ್ಯಾನಸೋನಿಕ್‌ನಲ್ಲಿ ಓವರ್‌ಸ್ಕ್ಯಾನ್ ಎಂದೇ ಇದೆ, ಆಫ್ ಮಾಡಿ. ಬೇರೆ ಕಂಪನಿಗಳಲ್ಲಿ ಡಾಟ್ ಬೈ ಡಾಟ್, 1:1 ಎಂಬ ಹೆಸರುಗಳನ್ನು ಹುಡುಕಿ. ಬಹಳಷ್ಟು ಟಿವಿಗಳಲ್ಲಿ ಈ ಆಯ್ಕೆ ಎಚ್‌ಡಿ ಸಿಗ್ನಲ್ ಬರುತ್ತಿರುವಾಗ ಮಾತ್ರ ಕಾಣುತ್ತದೆ, ಎಸ್‌ಡಿ ಇದ್ದಾಗ ಮಂಕಾಗಿರುತ್ತದೆ. ಒಂದು ಇನ್‌ಪುಟ್‌ಗೆ ಮಾಡಿದ್ದು ಇನ್ನೊಂದಕ್ಕೆ ಅನ್ವಯವಾಗದಿರಬಹುದು, ಆದ್ದರಿಂದ ಎಚ್‌ಡಿಎಂಐ 1, 2 ಎರಡರಲ್ಲೂ ಬೇರೆ ಬೇರೆಯಾಗಿ ಮಾಡಿ.

ಲ್ಯಾಪ್‌ಟಾಪ್‌ಗೆ ಇನ್ನೆರಡು ವಿಷಯ. ಆ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಿಸಿ. ಸ್ಯಾಮ್‌ಸಂಗ್, ಎಲ್‌ಜಿ ಟಿವಿಗಳಲ್ಲಿ ಅದು ಬರೀ ಹೆಸರಲ್ಲ: ಓವರ್‌ಸ್ಕ್ಯಾನ್ ನಿಲ್ಲುತ್ತದೆ, ಬಣ್ಣದ ಅಕ್ಷರಗಳ ಅಂಚೂ ಸ್ಪಷ್ಟವಾಗುತ್ತದೆ. ಎರಡನೆಯದು, ಲ್ಯಾಪ್‌ಟಾಪ್‌ನ ಪರದೆ 16:10 ಆಗಿದ್ದು, 1920×1200 ಅಥವಾ 1280×800 ಇದ್ದು, ಅದನ್ನೇ ಟಿವಿಯಲ್ಲೂ ನಕಲು ತೋರಿಸುವ ಮೋಡ್‌ನಲ್ಲಿದ್ದರೆ ಎರಡು ಪರದೆಗಳಿಗೂ ಒಂದೇ ಗಾತ್ರ ಹೋಗಿ ಒಂದು ಕಡೆ ಪಟ್ಟಿ ಬರುತ್ತದೆ ಅಥವಾ ಚಿತ್ರ ಎಳೆಯುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ಎರಡನೇ ಪರದೆ ಮಾತ್ರ ಅಥವಾ ವಿಸ್ತರಿಸು ಎಂಬುದನ್ನು ಆರಿಸಿ, ಟಿವಿಗೆ 1920×1080 ಕೊಡಿ.

ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಡೆಸ್ಕ್‌ಟಾಪ್ ಅನ್ನು ಕುಗ್ಗಿಸುವ ಸ್ಲೈಡರ್ ಇರುತ್ತದೆ. ಟಿವಿಯಲ್ಲಿ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಅದನ್ನು ಮುಟ್ಟಿ. ಲ್ಯಾಪ್‌ಟಾಪ್ ಕುಗ್ಗಿಸಿ ಟಿವಿ ಹಿಗ್ಗಿಸಿದರೆ ಅಂಚು ಕಾಣುತ್ತದೆ, ಆದರೆ ಅಕ್ಷರ ಎರಡು ಸಲ ಕಲಸಿಹೋಗುತ್ತದೆ.

ಹಳೆಡಿಸ್ಕ್

ಇಬ್ಬರಿಗೂ ಧನ್ಯವಾದ. ಜಸ್ಟ್ ಸ್ಕ್ಯಾನ್ ಹಾಕಿದ ಮೇಲೆ ಸುದ್ದಿಪಟ್ಟಿ, ಟಾಸ್ಕ್‌ಬಾರ್ ಎರಡೂ ಪೂರ್ತಿ ಕಾಣುತ್ತಿವೆ. ಅಳತೆಗಳು ಹೀಗಿವೆ, ಟಿವಿ ಎಲ್ಲದಕ್ಕೂ 16:9ರಲ್ಲೇ ಇತ್ತು:

ಎಸ್‌ಡಿ ಚಾನೆಲ್, ಗಡಿಯಾರ: ಅಗಲ 16 ಸೆಂ.ಮೀ., ಎತ್ತರ 12. ಲೋಗೊ ಕೂಡ ಅಗಲ. ಬಾಕ್ಸ್‌ನ ಮೆನು ಮಾತ್ರ ಸಹಜವಾಗಿದೆ.
ಹಳೆಯ ಧಾರಾವಾಹಿ ಬರುವ ಒಂದು ಎಚ್‌ಡಿ ಚಾನೆಲ್: 1.33, ಲೋಗೊ ಸರಿ.
ಡಿವಿಡಿ ಸಿನಿಮಾ: 1.33, ಮೇಲೆ ಕೆಳಗೆ ಪಟ್ಟಿ.
ಪೆನ್‌ಡ್ರೈವ್‌ನ ವಿಡಿಯೊ: ಅಗಲ 14, ಎತ್ತರ 20. ಅಂದರೆ 0.70, ನಿಮ್ಮ ಪಟ್ಟಿಯಲ್ಲಿ ಇಲ್ಲದ ಸಂಖ್ಯೆ.

ತಂತಿಜಾಲ

ಮೆನು ಸಹಜ, ಲೋಗೊ ಮತ್ತು ಗಡಿಯಾರ ಅಗಲ. ಹಾಗಾದರೆ ಬಾಕ್ಸ್ ನಿಮ್ಮ ಟಿವಿ 16:9 ಎಂದು ಸರಿಯಾಗಿಯೇ ತಿಳಿದಿದೆ, ಆದರೆ 4:3 ಚಿತ್ರವನ್ನು ಪೂರ್ತಿ ಪರದೆಗೆ ಹಿಗ್ಗಿಸುತ್ತಿದೆ. ಬಾಕ್ಸ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ ಎರಡು ಸಾಲು ಇರುತ್ತವೆ. ಒಂದು ಟಿವಿಯ ಆಕಾರ, ಅದು 16:9 ಇರಲಿ. ಇನ್ನೊಂದು 4:3 ಬಂದಾಗ ಏನು ಮಾಡಬೇಕೆಂಬುದು. ಅಲ್ಲಿ ಈಗ ಫುಲ್ ಅಥವಾ ಸ್ಟ್ರೆಚ್ ಇದ್ದೀತು. ಪಿಲ್ಲರ್‌ಬಾಕ್ಸ್ ಎಂದು ಬದಲಿಸಿ. ಕೆಲವು ಬಾಕ್ಸ್‌ಗಳಲ್ಲಿ ಇದಕ್ಕೇ ನಾರ್ಮಲ್, ಒರಿಜಿನಲ್ ಅಥವಾ ಆಟೋ ಎಂದಿರುತ್ತದೆ. ಔಟ್‌ಪುಟ್ ರೆಸಲ್ಯೂಶನ್ 1080ಕ್ಕೆ ನಿಲ್ಲಿಸಿ, ಟಿವಿಯನ್ನು ಜಸ್ಟ್ ಸ್ಕ್ಯಾನ್‌ನಲ್ಲೇ ಬಿಡಿ. ಆಮೇಲೆ ಆಕಾರದ ಕೆಲಸ ಬಾಕ್ಸ್‌ನದ್ದು ಮಾತ್ರ, ಟಿವಿ ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ.

ಆಗ ಎಡಬಲ ಕಪ್ಪು ಪಟ್ಟಿ ಬರುತ್ತದೆ, ಬರಲೇಬೇಕು. 43 ಇಂಚಿನ ಪರದೆ 95.2 ಸೆಂ.ಮೀ. ಅಗಲ, 53.5 ಸೆಂ.ಮೀ. ಎತ್ತರ. ಆ ಎತ್ತರಕ್ಕೆ 4:3 ಚಿತ್ರದ ಅಗಲ 71.4, ಬದಿಗೆ 11.9ರಂತೆ ಕಪ್ಪು. ಟೇಪ್ ಹಿಡಿದು ನೋಡಿ, ಇದಕ್ಕೆ ಹತ್ತಿರ ಬಂದರೆ ಸೆಟ್ಟಿಂಗ್ ಸರಿ.

ಹಳೆಯ ಧಾರಾವಾಹಿಯ ಎಚ್‌ಡಿ ಚಾನೆಲ್‌ನಲ್ಲಿ ಲೋಗೊ ಸರಿ, ಜನ ಅಗಲ. ಅದು ಚಾನೆಲ್‌ನವರು ಎಳೆದದ್ದು. ಬಾಕ್ಸ್‌ಗೆ ಅದು ಗೊತ್ತಾಗುವುದಿಲ್ಲ, ಅದರ ಪಾಲಿಗೆ ಬಂದದ್ದು ಸಾಚಾ 16:9. ಆ ಕಾರ್ಯಕ್ರಮ ನೋಡುವಾಗ ಟಿವಿಯ ರಿಮೋಟ್‌ನಲ್ಲಿ 4:3 ಒತ್ತಿ. ಟಿವಿ ಇಡೀ ಚಿತ್ರವನ್ನು ಮುಕ್ಕಾಲು ಅಗಲಕ್ಕೆ ಹಿಂಡುತ್ತದೆ, ಜನ ಸರಿಹೋಗುತ್ತಾರೆ, ಲೋಗೊ ಮಾತ್ರ ಸಣಕಲಾಗುತ್ತದೆ. ಮುಗಿದ ಮೇಲೆ ಮರಳಿ ಜಸ್ಟ್ ಸ್ಕ್ಯಾನ್‌ಗೆ ತರಲು ಮರೆಯಬೇಡಿ. ಮುಂದಿನ ಚಾನೆಲ್‌ನಲ್ಲಿ 0.75 ಕಂಡರೆ ಮರೆತಿದ್ದೀರಿ ಎಂದೇ ಅರ್ಥ.

ನಾಲ್ಕೂ ಕಡೆ ಕಪ್ಪು ಇರುವುದು ಹೇಗೆಂದರೆ: 16:9 ಕಾರ್ಯಕ್ರಮಕ್ಕೆ ಮೇಲೆ ಕೆಳಗೆ ಪಟ್ಟಿ ಹಾಕಿ 4:3 ಚೌಕಟ್ಟಿನಲ್ಲಿ ಕೂರಿಸಿ ಚಾನೆಲ್‌ನವರು ಕಳಿಸುತ್ತಾರೆ. ಆ 4:3 ಚೌಕಟ್ಟಿಗೆ ಚಾನೆಲ್‌ನಲ್ಲೇ ಅಥವಾ ನಿಮ್ಮ ಮನೆಯಲ್ಲಿ ಎಡಬಲ ಪಟ್ಟಿ ಸೇರುತ್ತದೆ. ಉಳಿಯುವುದು 1920×1080ರ ನಡುವೆ 1440×810ರ ಚಿತ್ರ, ಪರದೆಯ 56 ಶೇಕಡಾ. ಆಕಾರ ಮಾತ್ರ ಸರಿಯಾಗಿಯೇ ಇರುತ್ತದೆ. ಇದಕ್ಕೆ ಜೂಮ್ ಹಾಕಿ. ಎಲ್ಲ ದಿಕ್ಕಿಗೂ 1.33 ಪಟ್ಟು ದೊಡ್ಡದಾಗಿ ಪರದೆ ಸರಿಯಾಗಿ ತುಂಬುತ್ತದೆ, ಕತ್ತರಿಸಿಹೋಗುವುದು ಕಪ್ಪು ಪಟ್ಟಿ ಮಾತ್ರ. ಒಂದು ಎಚ್ಚರ: ಸಬ್‌ಟೈಟಲ್ ಕೆಳಗಿನ ಕಪ್ಪು ಪಟ್ಟಿಯ ಮೇಲೆ ಬರುತ್ತಿದ್ದರೆ ಅದೂ ಹೋಗುತ್ತದೆ. ಕೆಲವು ಟಿವಿಗಳಲ್ಲಿ ಜೂಮ್ ಹಾಕಿದ ಮೇಲೆ ಬಾಣದ ಗುಂಡಿಯಿಂದ ಚಿತ್ರವನ್ನು ಮೇಲಕ್ಕೆ ಸರಿಸಬಹುದು.

ಪೂರ್ತಿ 4:3 ಚಿತ್ರಕ್ಕೆ ಜೂಮ್ ಹಾಕಬೇಡಿ. ಎತ್ತರದ ಕಾಲು ಭಾಗ ಹೋಗಿ ತಲೆಗಳು ತುಂಡಾಗುತ್ತವೆ. ಪಟ್ಟಿ ತೀರಾ ಸಹಿಸಲಾಗದಿದ್ದರೆ 14:9 ಇದೆ: ಎತ್ತರದ ಏಳನೇ ಒಂದು ಭಾಗ ಕತ್ತರಿಸುತ್ತದೆ, ಬದಿಗೆ ಸಣ್ಣ ಪಟ್ಟಿ ಉಳಿಯುತ್ತದೆ, ಆಕಾರ ಕೆಡುವುದಿಲ್ಲ.

ಬೆಳಕುಗೆರೆ

ತಂತಿಜಾಲ ಅವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಬಾಕ್ಸ್ ಔಟ್‌ಪುಟ್ ಅನ್ನು 1080ಕ್ಕೆ ಕಟ್ಟಿಹಾಕಿದರೆ ಟಿವಿಗೆ ಎಲ್ಲವೂ ಎಚ್‌ಡಿ ಎಂದೇ ಕಾಣುತ್ತದೆ. ಎಷ್ಟೋ ಟಿವಿಗಳು ಎಚ್‌ಡಿ ಬಂದಾಗ 14:9 ಮತ್ತಿತರ ಮೋಡ್‌ಗಳನ್ನು ಮುಚ್ಚಿಬಿಡುತ್ತವೆ. ಎಸ್‌ಡಿ ಚಾನೆಲ್ ಹೆಚ್ಚು ನೋಡುವವರು ಬಾಕ್ಸ್‌ನಲ್ಲಿ ನೇಟಿವ್ ಔಟ್‌ಪುಟ್ ಇದ್ದರೆ ಅದನ್ನು ಪ್ರಯತ್ನಿಸಿ. ಎಸ್‌ಡಿ ಚಾನೆಲ್ 576 ಸಾಲುಗಳಲ್ಲೇ ಬರುತ್ತದೆ, ಟಿವಿಯ ಎಲ್ಲ ಮೋಡ್‌ಗಳೂ ತೆರೆಯುತ್ತವೆ, ಹಿಗ್ಗಿಸುವ ಕೆಲಸ ಟಿವಿಯದಾಗುತ್ತದೆ. ಅಗ್ಗದ ಬಾಕ್ಸ್‌ಗಿಂತ ಟಿವಿಯ ಸ್ಕೇಲರ್ (ಚಿತ್ರ ಹಿಗ್ಗಿಸುವ ಭಾಗ) ಸಾಮಾನ್ಯವಾಗಿ ಮೇಲು. ಇದರ ಕಿರಿಕಿರಿ ಎಂದರೆ ಎಸ್‌ಡಿಯಿಂದ ಎಚ್‌ಡಿಗೆ ಹೋದಾಗಲೆಲ್ಲ ಎಚ್‌ಡಿಎಂಐ ಮತ್ತೆ ಹೊಂದಿಕೊಳ್ಳುವವರೆಗೆ ಪರದೆ ಕೆಲವು ಕ್ಷಣ ಕಪ್ಪಾಗುತ್ತದೆ. ಚಾನೆಲ್ ತಿರುಗಿಸುತ್ತಲೇ ಇರುವ ಮನೆಗೆ 1080ಕ್ಕೆ ಕಟ್ಟಿದ್ದೇ ಒಳ್ಳೆಯದು.

ಈಗ ಡಿವಿಡಿ. ಡಿಸ್ಕ್‌ನಲ್ಲಿ 4:3 ಇರಲಿ 16:9 ಇರಲಿ, ಚಿತ್ರ ದಾಖಲಾಗಿರುವುದು ಅದೇ 720×576ರಲ್ಲಿ, ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್‌ಗಳ ಹಳೆಯ ಟಿವಿ ಪದ್ಧತಿ) ಆದರೆ 720×480ರಲ್ಲಿ. ಯಾವ ಆಕಾರಕ್ಕೆ ಬಿಡಿಸಬೇಕು ಎಂಬುದು ಜೊತೆಗಿರುವ ಒಂದು ಗುರುತಿನಿಂದ ತಿಳಿಯುತ್ತದೆ. ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಟೈಪ್ ಎಂದು ಮೂರು ಆಯ್ಕೆ: 4:3 ಲೆಟರ್‌ಬಾಕ್ಸ್, 4:3 ಪ್ಯಾನ್ ಸ್ಕ್ಯಾನ್, 16:9. ನಿಮ್ಮದು ಲೆಟರ್‌ಬಾಕ್ಸ್‌ನಲ್ಲಿದೆ, ಅನುಮಾನವೇ ಇಲ್ಲ. ಪ್ಲೇಯರ್ 16:9 ಸಿನಿಮಾವನ್ನು 576 ಸಾಲಿನಿಂದ 432ಕ್ಕೆ ಹಿಂಡಿ ಪಟ್ಟಿ ಹಾಕಿ ಕಳಿಸುತ್ತಿದೆ, ಟಿವಿ ಅದನ್ನು ಅಡ್ಡಕ್ಕೆ ಎಳೆಯುತ್ತಿದೆ. ಪಟ್ಟಿಯೂ ಗಿಡ್ಡತನವೂ ಒಟ್ಟಿಗೆ ಬಂದಿದ್ದು ಹೀಗೆ. ಟಿವಿ ಟೈಪ್ 16:9 ಮಾಡಿ, ಎವಿ ಇನ್‌ಪುಟ್‌ನಲ್ಲಿ ಟಿವಿಯನ್ನು 16:9ರಲ್ಲಿ ಇಡಿ. ಕಳೆದುಹೋಗುತ್ತಿದ್ದ 144 ಸಾಲುಗಳ ವಿವರವೂ ಮರಳಿ ಬರುತ್ತದೆ. ಡಿಸ್ಕ್ ಓಡುತ್ತಿರುವಾಗ ಬಹಳ ಪ್ಲೇಯರ್‌ಗಳು ಈ ಮೆನುವನ್ನು ಬದಲಿಸಲು ಬಿಡುವುದಿಲ್ಲ, ಮೊದಲು ಸ್ಟಾಪ್ ಒತ್ತಿ.

ಹೀಗೆ ಮಾಡಿದ ಮೇಲೆ 4:3 ಡಿಸ್ಕ್ ಹಾಕಿದರೆ ಅದು ಅಗಲವಾಗಿ ಕಂಡೀತು. ಎಚ್‌ಡಿಎಂಐ ಆದರೆ ಆಕಾರದ ಮಾಹಿತಿಯೂ ಸಿಗ್ನಲ್ ಜೊತೆ ಹೋಗುತ್ತದೆ. ಹಳದಿ ಕೇಬಲ್‌ನಲ್ಲಿ ಹೋಗುವುದು ಚಿತ್ರವೊಂದೇ. ಭಾರತದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 23ನೇ ಸಾಲಿನಲ್ಲಿ ಆ ಗುರುತನ್ನು ಕಳಿಸುವ ಏರ್ಪಾಡೊಂದಿದೆ, ಆದರೆ ಪ್ಲೇಯರ್ ಅದನ್ನು ಹಾಕಬೇಕು, ಟಿವಿ ಅದನ್ನು ಓದಬೇಕು. ಎರಡೂ ಕೂಡಿಬರದಿದ್ದರೆ ಅಂಥ ಡಿಸ್ಕ್‌ಗಳಿಗೆ ಟಿವಿಯಲ್ಲಿ ಕೈಯಿಂದಲೇ 4:3 ಆರಿಸಬೇಕು.

ನಿಮ್ಮ 0.70ಕ್ಕೆ ಉತ್ತರವೂ ಇಲ್ಲೇ ಇದೆ. ಆ ಫೈಲ್ 720×576ರ 16:9 ವಿಡಿಯೊ ಇರಬೇಕು. ಗುರುತನ್ನು ಓದಿದ್ದರೆ ಟಿವಿ ಅದನ್ನು 1024×576 ಆಗಿ ಬಿಡಿಸುತ್ತಿತ್ತು. ಓದಲಿಲ್ಲ, ಅಥವಾ ಫೈಲ್‌ನಲ್ಲಿ ಗುರುತೇ ಇಲ್ಲ. ಪಿಕ್ಸೆಲ್‌ಗಳನ್ನು ಚೌಕವೆಂದೇ ಎಣಿಸಿ 5:4 ಆಕಾರದಲ್ಲಿ ತೋರಿಸಿತು. 1.25 ಭಾಗಿಸು 1.78, ಸರಿಯಾಗಿ 0.70. ಕಂಪ್ಯೂಟರ್‌ನ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಾಗಿ ಕಂಡರೆ ಗುರುತು ಇದೆ, ಟಿವಿಯ ಪ್ಲೇಯರ್ ಅದನ್ನು ಕಡೆಗಣಿಸುತ್ತಿದೆ. ಅಲ್ಲೂ ಸೊರಗಿದ್ದರೆ ಎ ಕೀ ಒತ್ತುತ್ತಾ 16:9 ಬಂದಾಗ ಸರಿಹೋಗುತ್ತದೆಯೇ ನೋಡಿ, ಹೋದರೆ ಫೈಲ್‌ನಲ್ಲಿ ಗುರುತಿಲ್ಲ ಅಥವಾ ತಪ್ಪಿದೆ.

ಗುರುತಿಲ್ಲದ ಫೈಲ್‌ಗೆ ಎಂಕೆವಿಟೂಲ್‌ನಿಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. ಫೈಲ್ ಸೇರಿಸಿ, ವಿಡಿಯೊ ಟ್ರ್ಯಾಕ್ ಆರಿಸಿ, ಆಸ್ಪೆಕ್ಟ್ ರೇಶಿಯೊ ಜಾಗದಲ್ಲಿ 16/9 ಬರೆದು ಹೊಸ ಎಂಕೆವಿ ವಿಡಿಯೊ ಫೈಲ್ ಮಾಡಿ. ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲ, ಗುಣಮಟ್ಟ ಕಿಂಚಿತ್ತೂ ಇಳಿಯುವುದಿಲ್ಲ, ಫೈಲ್ ಕಾಪಿ ಮಾಡುವಷ್ಟೇ ಹೊತ್ತು. ಟಿವಿ ಗುರುತನ್ನೇ ಓದದಿದ್ದರೆ ಇದು ನಡೆಯದು. ಆಗ 1024×576ಕ್ಕೆ ಮರು ಎನ್‌ಕೋಡ್ ಮಾಡಬೇಕು, ಇಲ್ಲವೇ ಲ್ಯಾಪ್‌ಟಾಪ್‌ನಿಂದಲೇ ಆ ವಿಡಿಯೊ ನೋಡಬೇಕು. ಮೂಲ ಫೈಲ್ ಅಳಿಸಬೇಡಿ.

ಹಳೆಡಿಸ್ಕ್

ಪ್ಲೇಯರ್ ಲೆಟರ್‌ಬಾಕ್ಸ್‌ನಲ್ಲೇ ಇತ್ತು, ಬದಲಿಸಿದೆ, ಈಗ 1.00. ಬಾಕ್ಸ್‌ನ ಪಿಲ್ಲರ್‌ಬಾಕ್ಸ್ ಕೂಡ ಸರಿಯಾಯಿತು. ಇನ್ನೆರಡು ಪ್ರಶ್ನೆ. 16:9 ಮಾಡಿದ ಮೇಲೂ ಕೆಲವು ಡಿವಿಡಿ ಸಿನಿಮಾಗಳಲ್ಲಿ ಮೇಲೆ ಕೆಳಗೆ ತೆಳು ಪಟ್ಟಿ ಉಳಿದಿದೆ. ಮತ್ತೆ, ಜಸ್ಟ್ ಸ್ಕ್ಯಾನ್ ಹಾಕಿದಾಗಿನಿಂದ ಒಂದು ಚಾನೆಲ್‌ನ ತೀರಾ ಮೇಲಿನ ಅಂಚಿನಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ. ಪ್ಯಾನೆಲ್ ಕೆಟ್ಟಿದೆಯೇ?

ಪಿಕ್ಸೆಲ್‌ಪ್ರಿಯ

ಎರಡೂ ದೋಷವಲ್ಲ. ಸಿನಿಮಾಗಳೆಲ್ಲ 16:9 ಅಲ್ಲ. 1.85:1 ಆದರೆ 1080 ಸಾಲುಗಳಲ್ಲಿ ಮೇಲೆ ಕೆಳಗೆ 21ರಂತೆ ಹೋಗುತ್ತದೆ, 2.39:1 ಆದರೆ 138ರಂತೆ. ನಿಮ್ಮ ಪರದೆಯಲ್ಲಿ ಮೊದಲನೆಯದಕ್ಕೆ ಒಂದು ಸೆಂ.ಮೀ. ಪಟ್ಟಿ, ಎರಡನೆಯದಕ್ಕೆ ಸುಮಾರು 6.9 ಸೆಂ.ಮೀ. ವೃತ್ತ 1.00 ಇದ್ದರೆ ಹಾಗೇ ಬಿಡಿ. ಅದನ್ನು ತುಂಬಿಸಲು ಹೋದರೆ ಎಡಬಲದ ಚಿತ್ರ ಹೋಗುತ್ತದೆ, ಛಾಯಾಗ್ರಾಹಕರು ಯೋಚಿಸಿ ಕೂರಿಸಿದ ಚೌಕಟ್ಟನ್ನು ಹಾಗೆ ಕತ್ತರಿಸುವುದು ನನಗಂತೂ ಸರಿ ಕಾಣುವುದಿಲ್ಲ. ನಿಮ್ಮದು ಎಲ್‌ಸಿಡಿ, ಪಟ್ಟಿಗಳಿಂದ ಪರದೆಗೆ ಹಾನಿಯ ಚಿಂತೆ ಬೇಡ. ಪ್ಲಾಸ್ಮಾ, ಒಎಲ್‌ಇಡಿ ಇರುವವರು ಮಾತ್ರ ದಿನವಿಡೀ 4:3 ಒಂದನ್ನೇ ಹಾಕಿಡಬಾರದು. ನಡುಭಾಗದ ಪಿಕ್ಸೆಲ್‌ಗಳು ಸವೆದು ಬದಿಯವು ಹೊಸದಾಗಿಯೇ ಉಳಿದರೆ ಆಮೇಲೆ ಆ ಗೆರೆ ಕಾಣುತ್ತದೆ.

ಮಿನುಗುವ ಚುಕ್ಕೆಗಳು ಚಿತ್ರದ ಮೇಲಂಚಿನ ಸಾಲಿನಲ್ಲಿ ಕೂತಿರುವ ಪ್ರಸಾರದ ಮಾಹಿತಿ, ಬೆಳಕುಗೆರೆ ಅವರು ಹೇಳಿದ 23ನೇ ಸಾಲಿನ ಥರದ್ದು. ಹಿಂದೆ ಓವರ್‌ಸ್ಕ್ಯಾನ್ ಅದನ್ನು ಅಡಗಿಸುತ್ತಿತ್ತು. ಆ ಒಂದು ಚಾನೆಲ್‌ಗೆ ಮಾತ್ರ ಸಾದಾ 16:9ಕ್ಕೆ ಬದಲಿಸಿ ನೋಡಿ, ಉಳಿದವಕ್ಕೆ ಜಸ್ಟ್ ಸ್ಕ್ಯಾನ್ ಇರಲಿ.

ಮುಂದೆ ಬೇರೆ ಟಿವಿಯಲ್ಲಿ ಅಳೆಯುವವರಿಗೆ ಇನ್ನೊಂದು ಮಾತು. ನಡುವಿನ ವೃತ್ತ ಬಹುತೇಕ ದುಂಡಗಿದ್ದು ಅಂಚಿನ ಜನ ಮಾತ್ರ ದಪ್ಪವಾಗಿದ್ದರೆ ಅದು ಪನೋರಮಾ ಥರದ ಮೋಡ್. ಪ್ಯಾನಸೋನಿಕ್‌ನಲ್ಲಿ ಜಸ್ಟ್, ಸೋನಿಯಲ್ಲಿ ವೈಡ್ ಜೂಮ್ ಎನ್ನುತ್ತಾರೆ. ನಡುವನ್ನು ಕಡಿಮೆ, ಅಂಚನ್ನು ಹೆಚ್ಚು ಎಳೆಯುತ್ತದೆ. ಸುದ್ದಿಪಟ್ಟಿಯನ್ನು ನೋಡಿದರೆ ತಕ್ಷಣ ಸಿಕ್ಕಿಬೀಳುತ್ತದೆ: ಅಕ್ಷರಗಳು ಬಲ ಅಂಚಿನಲ್ಲಿ ಅಗಲವಾಗಿ ಹುಟ್ಟಿ, ನಡುವೆ ಕಿರಿದಾಗಿ, ಎಡ ಅಂಚಿಗೆ ಬರುವಾಗ ಮತ್ತೆ ಉಬ್ಬುತ್ತವೆ. ಆಟೋ ವೈಡ್ (ಟಿವಿಯೇ ಆಕಾರ ಆರಿಸುವ ಆಯ್ಕೆ) ಆನ್ ಇದ್ದರೆ ಟಿವಿ ತಾನಾಗಿಯೇ ಈ ಮೋಡ್‌ಗೆ ಜಾರುವುದುಂಟು, ಆದ್ದರಿಂದ ಮೊದಲು ಅದನ್ನು ಆಫ್ ಮಾಡಿ, ಆಮೇಲೆ ಅಳೆಯಿರಿ.